ಜ್ಯೋತೀಂದ್ರ ಜೈನರೂ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವೂ

ದೆಹಲಿಯ ಪುರಾಣಾ ಕಿಲಾದ ಹತ್ತಿರ, ಪ್ರಗತಿ ಮೈದಾನದ ಅಂಚಿನಲ್ಲಿ, ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವಿದೆ. ಹೊರಗಿನಿಂದ ನೋಡಿದರೆ ಅದೊಂದು ದೊಡ್ಡ ಸರಕಾರಿ ಸಂಸ್ಥೆಯೆಂದು ತೋರುವುದಿಲ್ಲ. ತಗ್ಗಾದ ಮಾಡು, ಒಂದರಿಂದ ಇನ್ನೊಂದಕ್ಕೆ ತೆರೆದುಕೊಳ್ಳುವ ಅಂಗಳಗಳು, ನಡುವೆ ಊರಿನ ಓಣಿಯಂತಹ ದಾರಿ. ಇದನ್ನು ರಚಿಸಿದವರು ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರು. ಈ ಸಂಗ್ರಹಾಲಯದ ಭೂತಗಳ ವಿಭಾಗವನ್ನು ಕಂಡ ತುಳುನಾಡಿನವನಿಗೆ ತಾನು ತನ್ನೂರಿನ ಸಾನದ ಬಾಗಿಲಲ್ಲಿ ನಿಂತಿರುವೆನೆಂದು ಅನ್ನಿಸಿದರೆ ಅದು ಸಹಜ. ಆಳೆತ್ತರದವೂ ಅದಕ್ಕೆ ಮಿಗಿಲಾದವೂ ಆದ ಮರದ ಮೂರ್ತಿಗಳು. ಅರಳಿದ ಕಣ್ಣು, ಬಿಗಿದ ಮೈ, ವಾಹನವೇರಿದ ವೀರರು. ಇವು ಉಡುಪಿಯ ಉತ್ತರಕ್ಕೆ, ಬ್ರಹ್ಮಾವರದ ಕಡೆಯ ಶಿರೂರು ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದವು.

ಮೆಕ್ಕೆಕಟ್ಟಿನ ಮೂರ್ತಿಗಳು ದೆಹಲಿಗೆ ಹೋದುದೇಕೆ? ಅಲ್ಲಿನವರು ತಮ್ಮ ದೈವಗಳನ್ನು ತೊರೆದರೆಂದು ಯಾರೂ ತಿಳಿಯಬಾರದು. ಮರದ ಮೂರ್ತಿಗೆ ಆಯುಸ್ಸೆಂಬುದು ಉಂಟು. ಕರಾವಳಿಯ ಮಳೆ, ತೇವ, ಗೆದ್ದಲು ಇವುಗಳ ನಡುವೆ ಹಲಸಿನ ಮರವಾದರೂ ಎಷ್ಟು ಕಾಲ ನಿಂತೀತು? ಊನವಾದ ಮೂರ್ತಿಗೆ ಆರಾಧನೆ ಸಲ್ಲದು. ಸಾನ್ನಿಧ್ಯವನ್ನು ಹೊಸ ಮೂರ್ತಿಗೆ ಕರೆದು, ಹಳೆಯದನ್ನು ನೀರಿಗೋ ಕಾಡಿಗೋ ಬಿಡುವುದು ನಮ್ಮ ಕಡೆಯ ರೂಢಿ. ಮೆಕ್ಕೆಕಟ್ಟಿನಲ್ಲಿ ಹೊಸ ಮೂರ್ತಿಗಳು ಬಂದು ನಿಂತವು. ಈಗಲೂ ಅಲ್ಲಿ ಅವುಗಳ ಸಾಲನ್ನು ಕಾಣಬಹುದು. ಸ್ಥಾನ ಬಿಟ್ಟ ಹಳೆಯವುಗಳಲ್ಲಿ ಕೆಲವು ಸಂಗ್ರಹಾಲಯಕ್ಕೆ ಸೇರಿದವು. ಊರಿನ ದೃಷ್ಟಿಯಲ್ಲಿ ದೈವವು ಹೊರಟುಹೋದ ಮರ; ಸಂಗ್ರಹಾಲಯದ ದೃಷ್ಟಿಯಲ್ಲಿ ದೇಶದ ಶಿಲ್ಪಸಂಪತ್ತು. ಇವೆರಡರಲ್ಲಿ ಯಾವ ದೃಷ್ಟಿಯೂ ಸುಳ್ಳಲ್ಲ. ಆದರೆ ಎರಡರ ನಡುವೆ ಮೂರನೆಯವನೊಬ್ಬನಿದ್ದಾನೆ, ಅವನೇ ಆ ಮರವನ್ನು ಕಡೆದವನು. ಅವನ ಮಾತನ್ನು ಊರೂ ಆಡುವುದಿಲ್ಲ, ಬಹುಕಾಲ ಸಂಗ್ರಹಾಲಯಗಳೂ ಆಡಲಿಲ್ಲ. ಆ ಮೂರನೆಯವನನ್ನು ಸಂಗ್ರಹಾಲಯದೊಳಕ್ಕೆ ಕರೆತರಲು ಹದಿನೇಳು ವರ್ಷ ದುಡಿದ ನಿರ್ದೇಶಕರೊಬ್ಬರ ವಿಚಾರವನ್ನು ಇಲ್ಲಿ ಹೇಳಬೇಕಾಗಿದೆ. ಅವರು ಡಾ. ಜ್ಯೋತೀಂದ್ರ ಜೈನ್.

ಜೈನರಿಗಿಂತ ಮೊದಲು ಈ ಸಂಸ್ಥೆಯ ಹುಟ್ಟನ್ನು ನೆನೆಯುವುದು ನ್ಯಾಯ. ಏಕೆಂದರೆ ಅದರ ಬೇರು ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಮಲಾದೇವಿ ಚಟ್ಟೋಪಾಧ್ಯಾಯರು ಜನಿಸಿದುದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಉಪ್ಪಿನ ಸತ್ಯಾಗ್ರಹದಲ್ಲಿ ಮುಂದಾಗಿ ನಿಂತ, ದೇಶ ಇಬ್ಭಾಗವಾದಾಗ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಶ್ರಮಿಸಿದ ಈ ಮಹಿಳೆ, ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪದವಿಗಳ ಕಡೆಗೆ ಹೋಗದೆ ಕೈಕಸುಬಿನವರ ಕಡೆಗೆ ತಿರುಗಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾದಾಗ ಅದರ ನೇತೃತ್ವ ಅವರಿಗೆ ಬಂದಿತು. ಯಂತ್ರದ ಸರಕು ಊರೂರಿಗೆ ನುಗ್ಗುತ್ತಿದ್ದ ಕಾಲವದು. ನೇಕಾರನ ಮಗ, ಕಂಚುಗಾರನ ಮಗ ಹಳೆಯ ಮಾದರಿಗಳನ್ನು ಮರೆಯುತ್ತಿದ್ದರು. ಅಜ್ಜ ಮಾಡಿದ್ದನ್ನು ಮೊಮ್ಮಗ ಕಂಡೇ ಇರಲಿಲ್ಲ. ಒಳ್ಳೆಯ ಮಾದರಿಗಳನ್ನು ಒಂದು ಕಡೆ ಕೂಡಿಡಬೇಕು, ಕಸುಬುದಾರನು ಬಂದು ನೋಡಿ ಕಲಿಯುವಂತಿರಬೇಕು ಎಂಬ ಉದ್ದೇಶದಿಂದ ಐವತ್ತರ ದಶಕದಲ್ಲಿ ಸಂಗ್ರಹ ಆರಂಭವಾಯಿತು. ಇದು ಗಮನಿಸತಕ್ಕ ಮಾತು. ಬೇರೆ ಸಂಗ್ರಹಾಲಯಗಳು ನೋಡುಗರಿಗಾಗಿ ಹುಟ್ಟಿದರೆ ಇದು ಮಾಡುಗರಿಗಾಗಿ ಹುಟ್ಟಿತು. ಮುಂದೆ ತಂತ್ರಕಲೆಯ ವಿಷಯದಲ್ಲಿ ಗ್ರಂಥ ಬರೆದು ಹೆಸರಾದ ಅಜಿತ್ ಮುಖರ್ಜಿಯವರು ಇದರ ನಿರ್ದೇಶಕರಾಗಿದ್ದರು. 1972ರಲ್ಲಿ ಪ್ರಗತಿ ಮೈದಾನದಲ್ಲಿ ನಡೆದ ಅಂತರರಾಷ್ಟ್ರೀಯ ಮೇಳಕ್ಕಾಗಿ ನಾನಾ ಪ್ರಾಂತಗಳ ಮಣ್ಣಿನ ಮನೆ, ಗುಡಿಸಲುಗಳನ್ನು ಕಟ್ಟಿಸಲಾಗಿತ್ತು. ಮೇಳ ಮುಗಿದ ಮೇಲೆ ಅವು ಉಳಿದುಕೊಂಡು, ಸಂಗ್ರಹಾಲಯದ ಅಂಗವಾದವು.

ಜ್ಯೋತೀಂದ್ರ ಜೈನರು 1943ರಲ್ಲಿ ಇಂದೋರಿನಲ್ಲಿ ಜನಿಸಿದರು. ಉನ್ನತ ವ್ಯಾಸಂಗಕ್ಕಾಗಿ ಆಸ್ಟ್ರಿಯಾ ದೇಶಕ್ಕೆ ಹೋಗಿ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. ಜೂರಿಕ್ಕಿನ ರೀಟ್‌ಬರ್ಗ್ ಸಂಗ್ರಹಾಲಯದ ಎಬರ್‌ಹಾರ್ಡ್ ಫಿಷರ್ ಅವರೊಂದಿಗೆ ಸೇರಿ ಜೈನ ಪ್ರತಿಮಾಶಾಸ್ತ್ರವನ್ನು ಕುರಿತು ಎರಡು ಸಂಪುಟಗಳನ್ನು ಬರೆದರು. ಇವು 1978ರಲ್ಲಿ ಪ್ರಕಟವಾದವು. ಮೂಡಬಿದಿರೆಯ ಬಸದಿಗಳ ನೆರೆಯಲ್ಲಿ ಬೆಳೆದ ನಮಗೆ ಈ ವಿಷಯ ಅಪರಿಚಿತವಲ್ಲ. ಗ್ರಂಥಗಳಿಂದ ಮೂರ್ತಿಗಳ ಲಕ್ಷಣವನ್ನು ಅರಿಯುವ ವಿದ್ವಾಂಸನಾಗಿಯೇ ಅವರು ಮುಂದುವರಿಯಬಹುದಿತ್ತು. ಆದರೆ ಗುಜರಾತಿನಲ್ಲಿ ಕಳೆದ ದಿನಗಳು ಅವರನ್ನು ಬೇರೆ ದಾರಿಗೆ ಕರೆದೊಯ್ದವು. ಅಹಮದಾಬಾದಿನ ಶ್ರೇಯಸ್ ಜಾನಪದ ಸಂಗ್ರಹಾಲಯದ ವಸ್ತುಗಳನ್ನು ಕುರಿತು ಅವರು ಪುಸ್ತಕ ಬರೆದರು. ಅದೇ ಊರಿನ ವಿಶಾಲಾ ಎಂಬಲ್ಲಿ 1981ರಲ್ಲಿ ತೆರೆದ ಪಾತ್ರೆಗಳ ಸಂಗ್ರಹಾಲಯದ ರಚನೆಯಲ್ಲಿ ಅವರ ಕೈಯಿತ್ತು. ಕೊಡ, ತಂಬಿಗೆ, ಹಂಡೆ, ಅಡಕೊತ್ತು ಮುಂತಾಗಿ ನಮ್ಮ ಅಡುಗೆಮನೆಯಲ್ಲಿ ಬಿದ್ದಿರುವ ಸಾಮಾನುಗಳನ್ನೇ ಆದರದಿಂದ ಇರಿಸಿದ ಸಂಗ್ರಹಾಲಯವದು. ಗುಜರಾತಿನ ರಾಠ್ವಾ ಎಂಬ ಗಿರಿಜನರು ಮನೆಯ ಗೋಡೆಯ ಮೇಲೆ ಪಿಠೋರ ದೈವದ ಕುದುರೆಗಳನ್ನು ಬರೆಯಿಸುತ್ತಾರೆ. ಆ ಆಚರಣೆಯನ್ನು ಅವರ ನಡುವೆ ನಿಂತು ನೋಡಿ ಜೈನರು ಬರೆದ ಗ್ರಂಥ 1984ರಲ್ಲಿ ಹೊರಬಂದಿತು. ಅದೇ ವರ್ಷ ದೆಹಲಿಯ ಕರಕುಶಲ ಸಂಗ್ರಹಾಲಯದ ನಿರ್ದೇಶಕ ಸ್ಥಾನಕ್ಕೆ ಅವರು ಬಂದರು. 2001ರವರೆಗೆ ಅಲ್ಲಿಯೇ ಇದ್ದರು.

ಸಂಗ್ರಹಾಲಯದ ನಿರ್ದೇಶಕನ ಕೆಲಸವೇನೆಂದು ನಮ್ಮ ವಿದ್ಯಾರ್ಥಿಗಳು ಕೇಳಬಹುದು. ಬೀಗದ ಕೈಯನ್ನು ಕಾಯುವುದಷ್ಟೇ ಅಲ್ಲ. ಬಂದ ಪ್ರತಿಯೊಂದು ವಸ್ತುವಿಗೂ ಸಂಖ್ಯೆ ಕೊಟ್ಟು, ಎಲ್ಲಿಂದ ಬಂತು, ಯಾವುದರಿಂದ ಆಯಿತು, ಯಾವ ಕಾಲದ್ದು ಎಂಬುದನ್ನು ದಾಖಲೆಯಲ್ಲಿ ಬರೆಯಿಸಬೇಕು. ನಮ್ಮ ಕರಾವಳಿಯ ತೇವದಲ್ಲಿ ಬೆಳೆದ ಮರ ದೆಹಲಿಯ ಒಣ ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಬಟ್ಟೆಗೆ ಬಿಸಿಲು ಶತ್ರು, ಕಂಚಿಗೆ ಉಪ್ಪು ಶತ್ರು. ಇವೆಲ್ಲವನ್ನೂ ತಿಳಿದು ಕಾಪಾಡಬೇಕು. ಇದ್ದುದರಲ್ಲಿ ಯಾವುದನ್ನು ತೋರಿಸಬೇಕು, ಯಾವುದರ ಪಕ್ಕದಲ್ಲಿ ಯಾವುದು ನಿಲ್ಲಬೇಕು ಎಂಬುದನ್ನು ನಿರ್ಣಯಿಸಬೇಕು. 20,000ಕ್ಕೂ ಮಿಕ್ಕಿದ ವಸ್ತುಗಳಿರುವಲ್ಲಿ ಇದು ಒಬ್ಬನ ಆಯುಷ್ಯವನ್ನೇ ನುಂಗುವ ಕೆಲಸ. ಜೈನರ ಕಾಲದಲ್ಲಿ ಕೊರಿಯ ಅವರ ಕಟ್ಟಡ ಪೂರ್ತಿಯಾಯಿತು, ವಿಭಾಗಗಳು ಕ್ರಮಗೊಂಡವು, ಸಂಗ್ರಹದ ಪರಿಚಯ ಗ್ರಂಥ 1989ರಲ್ಲಿ ಪ್ರಕಟವಾಯಿತು. ಇಷ್ಟನ್ನು ಯಾವ ದಕ್ಷ ಅಧಿಕಾರಿಯಾದರೂ ಮಾಡಿಯಾನು.

ಅವರ ವಿಶೇಷವೆಲ್ಲ ಅಂಗಳದಲ್ಲಿತ್ತು. ದೇಶದ ಮೂಲೆಮೂಲೆಗಳಿಂದ ಕುಂಬಾರರು, ನೇಕಾರರು, ಚಿತ್ರಕಾರರು, ಎರಕದವರು ಸಂಗ್ರಹಾಲಯಕ್ಕೆ ಬಂದು, ಸುಮಾರು ಒಂದು ತಿಂಗಳು ಅಲ್ಲಿಯೇ ಉಳಿದು, ಜನರ ಕಣ್ಣೆದುರಿಗೆ ಕೆಲಸ ಮಾಡುವ ವ್ಯವಸ್ಥೆಯನ್ನು ಅವರು ಸಂಸ್ಥೆಯ ಜೀವವನ್ನಾಗಿ ಮಾಡಿದರು. ತಾವು ಮಾಡಿದುದನ್ನು ಕೊಳ್ಳುವವನಿಗೆ ತಾವೇ ಮಾರಬಹುದಿತ್ತು, ನಡುವೆ ದಲ್ಲಾಳಿಯಿರಲಿಲ್ಲ. ಒಳಗೆ ಗಾಜಿನ ಹಿಂದೆ ಇನ್ನೂರು ವರ್ಷದ ಹಿಂದಿನ ಕಸೂತಿ, ಹೊರಗೆ ಜಗಲಿಯ ಮೇಲೆ ಅದೇ ಕಸೂತಿಯನ್ನು ಹಾಕುತ್ತ ಕುಳಿತ ಹೆಂಗಸು. ಅವಳು ಒಳಗೆ ಹೋಗಿ ಹಳೆಯದನ್ನು ನೋಡಿ ಬರಬಹುದಿತ್ತು, ನೋಡುಗನು ಹೊರಗೆ ಬಂದು ಅವಳ ಬೆರಳುಗಳನ್ನು ನೋಡಬಹುದಿತ್ತು. ಕಮಲಾದೇವಿಯವರ ಮೊದಲ ಉದ್ದೇಶ ಹೀಗೆ ನಿತ್ಯದ ನಡೆವಳಿಯಾಯಿತು. ವಚನಸಾಹಿತ್ಯವನ್ನು ಓದಿದವರಿಗೆ ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ಚೆನ್ನಾಗಿ ಪರಿಚಿತ. ಸಂಗ್ರಹಾಲಯವೆಂಬ ಸ್ಥಾವರದ ಅಂಗಳದಲ್ಲಿ ಜಂಗಮಕ್ಕೆ ಪೀಠ ಹಾಕಿಸಿದರೆಂದು ನಾವು ನಮ್ಮ ಭಾಷೆಯಲ್ಲಿ ಹೇಳಿಕೊಳ್ಳಬಹುದು.

ಹೀಗೆ ಬಂದವರಲ್ಲಿ ಗಂಗಾದೇವಿಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳದೆ ಗತ್ಯಂತರವಿಲ್ಲ. ಆಕೆ ಬಿಹಾರದ ಮಿಥಿಲೆಯ ರಶೀದ್‌ಪುರದವಳು. ಮಿಥಿಲೆಯಲ್ಲಿ ಮದುವೆಯಾದ ವಧೂವರರ ಕೋಣೆಯ ಗೋಡೆಗೆ ಮನೆಯ ಹೆಂಗಸರು ಚಿತ್ರ ಬರೆಯುತ್ತಾರೆ. ತಾವರೆಯ ಬಳ್ಳಿ, ಬಿದಿರು, ಮೀನು, ಗಿಳಿ ಎಲ್ಲವೂ ಸಂತಾನ ಸೌಭಾಗ್ಯಗಳ ಗುರುತು. ಆ ಕೋಣೆಗೆ ಕೋಹಬರ್ ಎಂದು ಹೆಸರು. ತಾಯಿಯಿಂದ ಮಗಳಿಗೆ ಬಂದ ಈ ವಿದ್ಯೆಯಲ್ಲಿ ಬರೆದವಳ ಹೆಸರಿಗೆ ಸ್ಥಾನವೇ ಇರಲಿಲ್ಲ. ಸಂಸಾರದಲ್ಲಿ ಬಹಳ ಕಷ್ಟ ಕಂಡ ಗಂಗಾದೇವಿ ಗೋಡೆಯಿಂದ ಕಾಗದಕ್ಕೆ ಇಳಿದಳು. ಕೂದಲೆಳೆಯಂತಹ ಗೆರೆಗಳಲ್ಲಿ ಮನುಷ್ಯನ ಬದುಕನ್ನು ಹುಟ್ಟಿನಿಂದ ಬರೆದಳು. 1984ರಲ್ಲಿ ಪದ್ಮಶ್ರೀ ಬಂದಿತು. ಮರುವರ್ಷ ಭಾರತೋತ್ಸವಕ್ಕೆಂದು ಅಮೇರಿಕಕ್ಕೆ ಹೋದವಳು ಅಲ್ಲಿಯ ಜಾತ್ರೆಯ ಉರುಳುಬಂಡಿಯಲ್ಲಿ ಕುಳಿತು ಬಂದು, ಅದನ್ನೂ ತನ್ನ ಅಜ್ಜಿಯ ಕಾಲದ ಗೆರೆಗಳಲ್ಲಿಯೇ ಬರೆದಳು! ಹಳೆಯ ಭಾಷೆಯಲ್ಲಿ ಹೊಸ ಅನುಭವವನ್ನು ಹೇಳಬಲ್ಲವರನ್ನು ಕವಿಯೆನ್ನುತ್ತೇವೆ. ಚಿತ್ರ ಬರೆದ ಹಳ್ಳಿಯ ಹೆಂಗಸನ್ನು ಮಾತ್ರ ‘ಜನಪದ’ ಎಂಬ ಒಂದು ಮಾತಿನಲ್ಲಿ ಮುಚ್ಚಿಬಿಡುತ್ತೇವೆ. ಜೈನರ ತಕರಾರು ಇದೇ ಆಗಿತ್ತು.

ಮುಂದೆ ಗಂಗಾದೇವಿ ಅರ್ಬುದ ರೋಗಕ್ಕೆ ತುತ್ತಾದಳು. ದೆಹಲಿಯಲ್ಲಿ ಚಿಕಿತ್ಸೆ ನಡೆದಿರುವಾಗಲೇ ತನ್ನ ರೋಗವನ್ನು, ಆಸ್ಪತ್ರೆಯನ್ನು, ಔಷಧಿಯ ಬಾಟಲಿಗಳನ್ನು ಚಿತ್ರಮಾಲೆಯಾಗಿ ಬರೆದಳು. ಅದೇ ದಿನಗಳಲ್ಲಿ ಸಂಗ್ರಹಾಲಯದ ಕೋಣೆಯೊಂದರ ಗೋಡೆಗಳ ಮೇಲೆ ಕೋಹಬರ್ ಚಿತ್ರವನ್ನು ರಚಿಸಿದಳು. 1991ರಲ್ಲಿ ತೀರಿಕೊಂಡಳು. ಆಕೆಯೊಬ್ಬಳನ್ನೇ ಕುರಿತು ಜೈನರು ಬರೆದ ದೊಡ್ಡ ಗ್ರಂಥ 1997ರಲ್ಲಿ ಪ್ರಕಟವಾಯಿತು. ಅರಸರ ಆಸ್ಥಾನದ ಚಿತ್ರಕಾರರಿಗೆ ದೊರೆಯುತ್ತಿದ್ದ ಗೌರವ ಒಬ್ಬ ಹಳ್ಳಿಯ ಹೆಂಗಸಿಗೆ ದೊರೆತುದು ಸಣ್ಣ ಮಾತಲ್ಲ.

1998ರಲ್ಲಿ ‘ಬೇರೆಯ ಗುರುಗಳು’ ಎಂಬರ್ಥದ ಹೆಸರಿನ ಪ್ರದರ್ಶನವನ್ನೂ ಗ್ರಂಥವನ್ನೂ ಅವರು ಸಿದ್ಧಪಡಿಸಿದರು. ಅದರಲ್ಲಿ ಐವರು: ಗಂಗಾದೇವಿ, ವಾರ್ಲಿ ಚಿತ್ರಗಳ ಜಿವ್ಯಾ ಸೋಮಾ ಮಾಶೆ, ಪ್ರಧಾನ್ ಗೊಂಡರ ಜನಗಢ ಸಿಂಗ್ ಶ್ಯಾಮ್, ಸರಗುಜಾದ ಮಣ್ಣಿನ ಉಬ್ಬುಚಿತ್ರಗಳ ಸೋನಾಬಾಯಿ, ಮಣಿಪುರದ ಕುಂಬಾರಗಿತ್ತಿ ನೀಲಮಣಿ ದೇವಿ. ಅದೇ ವರ್ಷ ನೆದರ್‌ಲ್ಯಾಂಡಿನ ಪ್ರಿನ್ಸ್ ಕ್ಲಾಸ್ ಪ್ರಶಸ್ತಿ ಜೈನರಿಗೆ ಸಂದಿತು. ಜನಾಂಗದ ಹೆಸರಿನ ಹಿಂದೆ ಮರೆಯಾಗಿದ್ದ ಕಲಾವಿದನನ್ನು ಅವನ ಸ್ವಂತ ಹೆಸರಿನಿಂದ ಕರೆಯುವುದು, ಅವನ ಒಂದು ಕೃತಿಯನ್ನು ಇನ್ನೊಂದರೊಂದಿಗೆ ಹೋಲಿಸಿ ಬೆಳವಣಿಗೆಯನ್ನು ಗುರುತಿಸುವುದು, ಇದು ಆ ಪ್ರಯತ್ನದ ಸಾರ. ಇದಕ್ಕೆ ಆಕ್ಷೇಪಗಳೂ ಸಾಧ್ಯ. ಒಬ್ಬನನ್ನು ಎತ್ತಿ ಹಿಡಿದರೆ ಅವನೊಂದಿಗೆ ಕಲಿತ ಹತ್ತು ಜನ ಮರೆಯಾಗರೆ? ದೆಹಲಿಯ ಕಣ್ಣಿಗೆ ಬಿದ್ದವನು ಮಾತ್ರ ಗುರುವೆ? ಈ ಪ್ರಶ್ನೆಗಳಲ್ಲಿ ಹುರುಳಿದೆಯೆಂದೇ ನನ್ನ ಅಭಿಪ್ರಾಯ. ಆದರೆ ಯಾರಿಗೂ ಹೆಸರಿಲ್ಲದ ಸ್ಥಿತಿಗಿಂತ ಐವರಿಗೆ ಹೆಸರು ಬಂದುದು ಮೇಲು. ಆರನೆಯವನು ತನ್ನ ಹೆಸರನ್ನು ಕೇಳಲು ಅದರಿಂದ ಧೈರ್ಯ ಬರುತ್ತದೆ.

ಕಸುಬುದಾರನಿಗೆ ಹೆಸರು ಕೊಡುವ ಈ ವಿಚಾರ ಕನ್ನಡಿಗರಿಗೆ ಹೊಸತೇನಲ್ಲ. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ನೋಡಿರಿ. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಕುಂಬಾರ ಗುಂಡಯ್ಯ, ಸೂಜಿಕಾಯಕದ ರಾಮಿತಂದೆ, ಬಾಚಿಕಾಯಕದ ಬಸವಯ್ಯ. ಹಗ್ಗ ಹೊಸೆದವನು, ಬಿದಿರು ಸೀಳಿದವನು, ಮರ ಕೆತ್ತಿದವನು ತನ್ನ ಕಾಯಕವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ಅನುಭವಿಗಳ ಸಾಲಿನಲ್ಲಿ ನಿಂತನು. ಶರಣರು ಭೂತಾರಾಧನೆಯನ್ನು ಒಪ್ಪಿದವರಲ್ಲ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆದರೂ ಆ ಭೂತದ ಮೂರ್ತಿಯನ್ನು ಕಡೆದ ಕೈ ಕಾಯಕದ ಕೈಯೆಂಬುದನ್ನು ಅವರು ಅಲ್ಲಗಳೆಯುತ್ತಿರಲಿಲ್ಲವೆಂದು ತೋರುತ್ತದೆ.

ಇನ್ನು ನಮ್ಮ ಸುತ್ತಲಿನ ನೆಲವೇ ಈ ಮಾತಿಗೆ ಒಂದು ಕಥೆಯನ್ನು ಇಟ್ಟುಕೊಂಡಿದೆ. ಕಾರ್ಕಳದ ಗೊಮ್ಮಟ ನಿಂತುದು 1432ರಲ್ಲಿ. ನಿಲ್ಲಿಸಿದವನು ವೀರಪಾಂಡ್ಯ, ಇದು ಇತಿಹಾಸ. ಶಿಲ್ಪಿಯ ಕಥೆಯನ್ನು ಉಳಿಸಿಕೊಂಡುದು ತುಳುವಿನ ಪಾಡ್ದನ. ಇಂತಹುದೇ ಮೂರ್ತಿಯನ್ನು ಬೇರೆಲ್ಲಿಯೂ ಮಾಡಬಾರದೆಂದು ಕಾರ್ಕಳದ ಅರಸನು ಶಿಲ್ಪಿ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಕಲ್ಕುಡನು ಬೆಳ್ತಂಗಡಿ ಸೀಮೆಯ ವೇಣೂರಿಗೆ ಬಂದು, ಉಳಿದ ಒಂದೇ ಕೈಯಿಂದ ಇನ್ನೊಂದು ಗೊಮ್ಮಟನನ್ನು ಕಡೆದನಂತೆ. ವೇಣೂರಿನ ಗೊಮ್ಮಟನ ಕಾಲ 1604 ಆದುದರಿಂದ ಇತಿಹಾಸದ ಲೆಕ್ಕಕ್ಕೆ ಈ ಕಥೆ ಹೊಂದುವುದಿಲ್ಲ. ಆದರೆ ಪಾಡ್ದನಕ್ಕೆ ಬೇಕಾದುದು ವರ್ಷದ ಲೆಕ್ಕವಲ್ಲ, ಕೈಯ ಲೆಕ್ಕ. ಅಣ್ಣನಿಗಾದ ಅನ್ಯಾಯವನ್ನು ಕೇಳಿದ ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ; ಅಣ್ಣ ತಂಗಿಯರಿಬ್ಬರೂ ಮಾಯವಾಗಿ ದೈವಗಳಾದರು, ಕಾರ್ಕಳಕ್ಕೆ ಸೇಡು ತೀರಿಸಿದರು. ಆ ಕಲ್ಲುರ್ಟಿಯ ಪ್ರಸಿದ್ಧ ಕ್ಷೇತ್ರ ಪಣೋಲಿಬೈಲು ನಮ್ಮ ಬಂಟ್ವಾಳ ತಾಲೂಕಿನಲ್ಲಿಯೇ ಇದೆ. ಕಲ್ಲಡ್ಕದಿಂದ ದೂರವೇನೂ ಅಲ್ಲ. ಅಲ್ಲಿಗೆ ಹರಕೆ ಹೊತ್ತು ಹೋಗುವವರಲ್ಲಿ ಎಷ್ಟು ಜನ ತಾವು ಒಬ್ಬ ಕಲ್ಲುಕುಟಿಗನ ತಂಗಿಗೆ ಕೈ ಮುಗಿಯುತ್ತಿರುವೆವೆಂದು ನೆನೆಯುತ್ತಾರೋ!

ಸಂಗ್ರಹಾಲಯಗಳು ನಮ್ಮ ಸುತ್ತಲೂ ಇವೆ. ಧರ್ಮಸ್ಥಳದಲ್ಲಿ ಮಂಜೂಷಾ ಇದೆ, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವಿದೆ. ಶಾಲೆಯ ಮಕ್ಕಳು ಅಲ್ಲಿ ನೊಗ, ನೇಗಿಲು, ಕಳಸೆ, ಸೇರು, ಹಳೆಯ ದೀಪಗಳನ್ನು ಕಂಡಾಗ, ಇದು ಎಷ್ಟು ಹಳತು ಎಂದು ಕೇಳುವುದು ವಾಡಿಕೆ. ಯಾರು ಮಾಡಿದರು, ಅವನ ಮಗ ಈಗ ಏನು ಮಾಡುತ್ತಿದ್ದಾನೆ ಎಂದೂ ಕೇಳಬಾರದೆ? ಕಲ್ಲಡ್ಕದ ಹೆಸರನ್ನು ದೂರದೂರದ ಮೆರವಣಿಗೆಗಳಿಗೆ ಒಯ್ದಿರುವ ದೊಡ್ಡ ಗೊಂಬೆಗಳನ್ನು ಎಲ್ಲರೂ ಬಲ್ಲರು. ಗೊಂಬೆಯೊಳಗೆ ಹೊಕ್ಕು ಕುಣಿಯುವವನ ಬೆವರು ಹೊರಗಿನವನಿಗೆ ಕಾಣುವುದಿಲ್ಲ. ಅದನ್ನು ಕಟ್ಟಿದವನಂತೂ ಮೆರವಣಿಗೆಯಲ್ಲಿಯೇ ಇರುವುದಿಲ್ಲ.

2001ರಲ್ಲಿ ಸಂಗ್ರಹಾಲಯವನ್ನು ಬಿಟ್ಟ ಜೈನರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರೂ ಡೀನರೂ ಆದರು. ಕೆಲಕಾಲ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರದ ಸದಸ್ಯ ಕಾರ್ಯದರ್ಶಿಯಾಗಿದ್ದರು. ಕ್ಯಾಲೆಂಡರ್ ಚಿತ್ರ, ಬೆಂಕಿಪೆಟ್ಟಿಗೆಯ ಚೀಟಿ ಮೊದಲಾದ, ವಿದ್ವಾಂಸರು ಕಡೆಗಣಿಸಿದ ಅಚ್ಚಿನ ಚಿತ್ರಗಳ ಕಡೆಗೂ ಅವರ ಗಮನ ಹರಿಯಿತು. ಅವರು ‘ಗುರು’ ಎಂದು ಕರೆದ ಐವರಲ್ಲಿ ಒಬ್ಬನಾದ ಜನಗಢ ಸಿಂಗ್ ಶ್ಯಾಮ್ ಅದೇ 2001ರಲ್ಲಿ, ಕೆಲಸಕ್ಕೆಂದು ಹೋಗಿದ್ದ ಜಪಾನಿನಲ್ಲಿ, ಎಳೆಯ ವಯಸ್ಸಿನಲ್ಲಿಯೇ ಮರಣ ಹೊಂದಿದನು. ಅವನನ್ನು ಕುರಿತ ಜೈನರ ಗ್ರಂಥ 2018ರಲ್ಲಿ ಹೊರಬಂದಿತು.

ಗಂಗಾದೇವಿಯ ಗೋಡೆಗಳ ಗತಿ ಬೇರೆಯಾಯಿತು. 2015ರಲ್ಲಿ ಸಂಗ್ರಹಾಲಯದ ನವೀಕರಣದ ಕೆಲಸ ನಡೆದಾಗ ಆ ಕೋಹಬರ್ ಚಿತ್ರ ನಾಶವಾಯಿತು. ಪತ್ರಿಕೆಗಳಲ್ಲಿ ಆ ಬಗ್ಗೆ ನೋವಿನ ಬರಹಗಳು ಬಂದವು. ಆದರೆ ವಿಚಿತ್ರವೆಂದರೆ, ಮಿಥಿಲೆಯ ಹಳ್ಳಿಯಲ್ಲಿ ಕೋಹಬರ್ ಚಿತ್ರ ಉಳಿಯುವುದೇ ಇಲ್ಲ. ಗೋಡೆಗೆ ಮತ್ತೆ ಸಾರಣೆಯಾಗುತ್ತದೆ, ಇನ್ನೊಂದು ಮದುವೆಗೆ ಇನ್ನೊಬ್ಬಳು ಬರೆಯುತ್ತಾಳೆ, ಯಾರೂ ಅಳುವುದಿಲ್ಲ. ಮೆಕ್ಕೆಕಟ್ಟಿನಲ್ಲಿಯೂ ನಡೆದುದು ಅದೇ: ಹಳೆಯದು ಸ್ಥಾನ ಬಿಟ್ಟಿತು, ಕಡೆಯಬಲ್ಲ ಕೈಗಳಿದ್ದವು, ಹೊಸದು ಬಂದಿತು. ದೆಹಲಿಯ ಗೋಡೆಯ ಹತ್ತಿರ ಮಾತ್ರ, ಸುಣ್ಣ ಬಳಿದವರು ಇದ್ದರು, ಮತ್ತೆ ಬರೆಯಲು ಗಂಗಾದೇವಿ ಇರಲಿಲ್ಲ.